ಮಹದಾಯಿಯೂ ಬೇಕು, ಊರ ಕೆರೆಯೂ ಬೇಕು!

ಕನ್ನಡದ ಯುವಕರೇ,

ಹುಬ್ಬಳ್ಳಿ-ಧಾರವಾಡದ ನಲ್ಲಿಯಲ್ಲಿ ಬರುವ ನೀರು ಎಲ್ಲಿಯದು ಗೊತ್ತೇ? ಸವದತ್ತಿ ತಾಲೂಕಿನ ನವಿಲುತೀರ್ಥದ್ದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯನ್ನು ಅಲ್ಲಿ ಎರಡು ಗುಡ್ಡಗಳ ನಡುವೆ ಕಟ್ಟಿ ನಿಲ್ಲಿಸಿದ್ದಾರೆ. ಹಿಡಿಯುವುದು ಸುಮಾರು 37 ಟಿಎಂಸಿ. ತುಂಬಿದ ವರ್ಷಗಳು ಕಡಿಮೆ. ಅದಕ್ಕೆ ಹೊಲಮನೆ ಬಿಟ್ಟುಕೊಟ್ಟವರು ನಮ್ಮ ಸೀಮೆಯ ರೈತರು.

ತುಂಬದ್ದಕ್ಕೇ ಕಳಸಾ-ಬಂಡೂರಿ ಹೋರಾಟ. ನಾವು ಮಲಪ್ರಭೆಗೆ ಕೇಳಿದ್ದು 7.56 ಟಿಎಂಸಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕೊಟ್ಟದ್ದು 3.90. ಅದು ಗೆಜೆಟ್ಟಿಗೆ ಬರಲು 2020ರ ಫೆಬ್ರವರಿ ಆಯಿತು! ಆ ತೀರ್ಪು ಇರುವುದು ಇಂಗ್ಲಿಷಿನಲ್ಲಿ. ಯಾರ ಬಾಯಾರಿಕೆಗೆ ತೀರ್ಪೋ ಅವನಿಗೇ ಓದಲು ಬಾರದು.

ಹೋರಾಟ ನಡೆಯಲೇಬೇಕು. ಆದರೆ ಆ ನೀರು ಪೂರಾ ಬಂದರೂ ರಾಮದುರ್ಗದ ಮಡ್ಡಿಯ ಹಳ್ಳಿಗಳಿಗೆ ತಾನಾಗಿ ಹತ್ತಿ ಬರುವುದಿಲ್ಲ. ಅಲ್ಲಿ ಬದುಕು ನಿಂತದ್ದು ಕೆರೆ, ಬಾವಿ, ವರತಿಯ ಮೇಲೆ. ವರತಿ ಎಂದರೇನು, ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹಳ್ಳದ ಉಸುಕಿನಲ್ಲಿ ಗುಂಡಿ ತೋಡಿ, ಜಿನುಗುವ ನೀರನ್ನು ಚರಿಗೆಯಿಂದ ಮೊಗೆದು ಕೊಡ ತುಂಬುವುದು. ಉಸುಕು ಲಾರಿ ಹತ್ತಿ ಹೋಯಿತು. ವರತಿ ಹೋಯಿತು. ಹಿಂದೆಯೇ ಆ ಮಾತೂ ಹೋಯಿತು. ಬೋರ್ಡಿನ ಮೇಲಿನ ಕನ್ನಡಕ್ಕೆ ಮಸಿ ಬಿದ್ದರೆ ಬೀದಿಗಿಳಿಯುವ ನಾವು ಇದಕ್ಕೆ ಯಾಕೆ ಇಳಿಯಲಿಲ್ಲ?

ಎರಿ ಹೊಲ ಹಸಿ ಹಿಡಿದುಕೊಂಡು ಹಿಂಗಾರಿ ಜೋಳ ಬೆಳೆದುಕೊಡುತ್ತದೆ. ಅದಕ್ಕೆ ಒಡ್ಡು ಗಟ್ಟಿ ಇದ್ದರಾಯಿತು. ಕುಡಿಯುವ ನೀರಿನದೇ ತಾಪತ್ರಯ. ಎಷ್ಟೋ ಕಡೆ ತೋಡಿದರೆ ಸವಳು. ಅದಕ್ಕೇ ಸಿಹಿನೀರಿನ ಬಾವಿಗೆ ಚಪ್ಪಲಿ ಕಳಚಿ ಇಳಿಯುತ್ತಿದ್ದರು. (ಎಲ್ಲ ಜಾತಿಯವರನ್ನೂ ಇಳಿಯಗೊಡುತ್ತಿರಲಿಲ್ಲ, ಆ ಪಾಪ ಬೇರೆ.) ಈಗ ಬೇಸಿಗೆ ಬಂತೆಂದರೆ ನನ್ನ ಪ್ರೆಸ್ಸಿಗೆ ಬೋರ್ ಗಾಡಿಯವರ ಹ್ಯಾಂಡ್‌ಬಿಲ್ಲು, ನವೆಂಬರ್ ಬಂತೆಂದರೆ ನಿಮ್ಮ ರಾಜ್ಯೋತ್ಸವದ ಪೋಸ್ಟರು. ಎರಡೂ ಒಂದೇ ಮಷಿನ್ನಿನಲ್ಲಿ.

ನೀರೇ ಇಲ್ಲವೆಂದಲ್ಲ. 2019ರ ಆಗಸ್ಟ್‌ನಲ್ಲಿ ಇದೇ ಮಲಪ್ರಭೆ ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನುಗ್ಗಿದಳು. ಬಂದ ಮಳೆ ನಿಲ್ಲಬೇಕಾದ ಕೆರೆಗಳಲ್ಲಿ ಹೂಳು, ಒತ್ತುವರಿ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಬಂದು ಚೆನ್ನಮ್ಮನಿಗೆ ಜೈ ಎನ್ನುತ್ತೀರಿ. ಕೋಟೆಯೊಳಗಿನ ಬಾವಿಯನ್ನೂ ಬಗ್ಗಿ ನೋಡಿ.

ಈ ಸಲ ಪೋಸ್ಟರ್ ಮಾಡಿಸಲು ಬರುವಾಗ ಎರಡು ಬೇಡಿಕೆ ಬರೆದುಕೊಂಡು ಬನ್ನಿ. ಮಹದಾಯಿ ತೀರ್ಪಿನ ಸಾರ ಕನ್ನಡದಲ್ಲಿ ಪ್ರತಿ ಪಂಚಾಯತಿಯ ಗೋಡೆಗೆ ಬರಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪ್ರತಿ ಕೆರೆಗೂ ಸರ್ವೆ ಆಗಿ ಹದ್ದಿನ ಕಲ್ಲು ಬೀಳಲಿ, ಬೇಸಿಗೆಯಲ್ಲಿ ಹೂಳು ತೆಗೆಯಲಿ. ಹೂಳನ್ನು ರೈತರೇ ಹೊಲಕ್ಕೆ ಒಯ್ಯುತ್ತಾರೆ. ಅಚ್ಚಿನ ಕೂಲಿ ನಾನು ಬಿಡುತ್ತೇನೆ, ಕಾಗದ ನಿಮ್ಮದು.