ನಾಗವಲ್ಲಿಗೆ ಚಪ್ಪಾಳೆ, ಗಂಗಾಳಿಗೆ?

'ಆಪ್ತಮಿತ್ರ' (2004) ದೆವ್ವದ ಸಿನಿಮಾ ಅಲ್ಲ, ಕಾಯಿಲೆಯ ಸಿನಿಮಾ. ಸೌಂದರ್ಯ ನಟಿಸಿದ ಗಂಗಾ ಬೀಗ ಹಾಕಿದ ಕೋಣೆಯ ಕಥೆಗೆ ಮನಸೋತು, ಕೊನೆಗೆ ತಾನೇ ನಾಗವಲ್ಲಿಯಾಗುತ್ತಾಳೆ. ಒಡೆದಿರುವುದು ಮನಸ್ಸು ಎಂದು ವಿಷ್ಣುವರ್ಧನ್ ಅವರ ಮನೋವೈದ್ಯ ಬಿಡಿಸಿ ಹೇಳಿದರೂ ನಮಗೆ ನೆನಪಿರುವುದು ನಾಗವಲ್ಲಿಯ ಕುಣಿತ ಮಾತ್ರ.

ತಪ್ಪು ಸಿನಿಮಾದ್ದೂ ಹೌದು. ಮನೆಯ ಬೇರೊಬ್ಬ ಹುಡುಗಿಯ ಮೇಲೆ ಅನುಮಾನ ಬರಿಸಿ, ಗುಟ್ಟು ಕಾಯಲೆಂದು ಗಂಗಾಳ ಕುಸಿತವನ್ನೇ ಅದು ಮರೆಮಾಡಿತು.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತೋಟದ ಒಂಟಿಮನೆಯಲ್ಲಿ, ಮಳೆಗಾಲವಿಡೀ ಮಾತಿಗೆ ಜನವಿಲ್ಲದೆ ಮಂಕಾದ ಸೊಸೆಗೆ 'ಗಾಳಿ ಸೋಕಿದೆ' ಅನ್ನುವವರು ಇನ್ನೂ ಇದ್ದಾರೆ. ತಾಯಿತ ಮೊದಲು, ಡಾಕ್ಟರು ಆಮೇಲೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ಮಾತು ಕಡಿಮೆ ಮಾಡಿದ್ದು ಯಾವಾಗ? ಇಷ್ಟನ್ನೂ ಕೇಳದ ಸಿನಿಮಾ ವಿಮರ್ಶೆ, ತಾಯಿತ ಕಟ್ಟುವವರ ಪಕ್ಷದ್ದೇ.