ಪದವಿಯ ಮುಂದಣ ದಾರಿ

ಮಗನೋ ಮಗಳೋ ಪದವಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷವು ಮನೆಯಲ್ಲಿ ಎಂಟು ದಿನವಿದ್ದರೆ ಹೆಚ್ಚು. ಒಂಬತ್ತನೆಯ ದಿನ ಬಂದ ನೆಂಟರು ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ, “ಮುಂದೆ ಏನು ಓದಿಸುತ್ತೀರಿ?” ಎಂದು ಕೇಳುತ್ತಾರೆ. ಒಬ್ಬರು ಎಂ.ಬಿ.ಎ. ಎನ್ನುತ್ತಾರೆ, ಮತ್ತೊಬ್ಬರು ಐ.ಎ.ಎಸ್. ಎನ್ನುತ್ತಾರೆ, ಮೂರನೆಯವರಿಗೆ ತಮ್ಮ ಅಳಿಯ ಓದಿದ್ದನ್ನು ಬಿಟ್ಟರೆ ಬೇರೆ ವಿದ್ಯೆಯೇ ಲೋಕದಲ್ಲಿಲ್ಲ. ಓದಬೇಕಾದವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇಂಥ ಸಮಯದಲ್ಲಿ ಗೃಹಸ್ಥರು ಸಾಧಾರಣವಾಗಿ ವಿಚಾರಿಸುವುದು, ಗೆದ್ದರೆ ಸಂಬಳವೆಷ್ಟು ಬರುವುದೆಂಬುದನ್ನು. ಅದಕ್ಕೆ ಮೊದಲು ವಿಚಾರಿಸತಕ್ಕ ಮಾತೊಂದುಂಟು: ಗೆಲ್ಲದೆ ಹೋದರೆ ಕೈಯಲ್ಲಿ ಉಳಿಯುವುದೇನು?

ಸಿವಿಲ್ ಸೇವೆಗಳ ಪರೀಕ್ಷೆಯನ್ನೇ ನೋಡೋಣ. 2023ರಲ್ಲಿ ಅದಕ್ಕೆ ಅರ್ಜಿ ಹಾಕಿದವರು 10,16,850 ಮಂದಿ. ಪೂರ್ವಭಾವಿ ಪರೀಕ್ಷೆಗೆ ಕುಳಿತವರು 5,92,141. ಕಡೆಗೆ ಆಯ್ಕೆಯಾದವರು 1,016. ಸಾಮಾನ್ಯ ವರ್ಗದವರಿಗೆ ಆರು ಅವಕಾಶಗಳುಂಟು. ಇಪ್ಪತ್ತೆರಡರಲ್ಲಿ ಹೊರಟ ಹುಡುಗನು ವರ್ಷವರ್ಷವೂ ಕುಳಿತರೆ ಇಪ್ಪತ್ತೆಂಟಕ್ಕೆ ಬಂದು ನಿಲ್ಲುತ್ತಾನೆ. ಗೆಲ್ಲದಿದ್ದರೆ ಅಷ್ಟು ವರ್ಷಗಳ ಓದಿಗೆ ಒಂದು ಪದವಿಪತ್ರವೂ ಇಲ್ಲ. ಆ ದಾರಿಗೆ ಹೋಗಕೂಡದೆಂದು ನಮ್ಮ ಅಭಿಪ್ರಾಯವಲ್ಲ. ಎಷ್ಟು ಸಲ ಕುಳಿತುಕೊಳ್ಳುವುದೆಂಬುದನ್ನು ತಂದೆಯೂ ಮಗನೂ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಲಿ. ಸೋತು ಬಂದ ಸಂಜೆ ಆ ಮಾತನ್ನಾಡುವುದು ಇಬ್ಬರಿಗೂ ಬಹು ಕಷ್ಟ.

ಸಾಲಮಾಡಿ ಓದಿಸುವ ವ್ಯಾಸಂಗದ ಲೆಕ್ಕ ಬೇರೆ. ಬ್ಯಾಂಕಿನ ವಿದ್ಯಾಸಾಲಕ್ಕೆ ಓದು ಮುಗಿಯುವವರೆಗೆ ಕಂತಿಲ್ಲವೆಂದು ಕೇಳಿದ ಎಷ್ಟೋ ಮಂದಿ, ಬಡ್ಡಿಯೂ ಇಲ್ಲವೆಂದೇ ತಿಳಿದಿರುತ್ತಾರೆ. ಕಂತು ನಿಂತಿರುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಹತ್ತು ಲಕ್ಷ ರೂಪಾಯಿಗಳನ್ನು ಮೊದಲೇ ಪಡೆದು, ನೂರಕ್ಕೆ ಹತ್ತರಂತೆ ಬಡ್ಡಿಯಾದರೆ, ಎರಡು ವರ್ಷ ಮುಗಿಯುವಾಗ ಎರಡು ಲಕ್ಷ ಬೆಳೆದಿರುತ್ತದೆ. ಸರ್ಕಾರದ ಬಡ್ಡಿ ಸಹಾಯ ದೊರೆತವರ ಮಾತು ಬೇರೆ. ದೊಡ್ಡ ಮೊತ್ತಕ್ಕೆ ಮನೆಯನ್ನೋ ನಿವೇಶನವನ್ನೋ ಆಧಾರಮಾಡಬೇಕಾಗಿ ಬಂದರೆ, ಪಣಕ್ಕೆ ಬೀಳುವುದು ತಾಯಿತಂದೆಗಳ ಮುಪ್ಪಿನ ಕಾಲದ ಸೂರು. ಆದುದರಿಂದ ಕಾಲೇಜಿನವರು ಅಚ್ಚುಹಾಕಿಸಿದ ಬಣ್ಣದ ಪುಸ್ತಕವನ್ನು ಬದಿಗಿಟ್ಟು, ಹೋದ ವರ್ಷ ಅಲ್ಲಿಂದ ಹೊರಬಿದ್ದ ನಾಲ್ಕು ಮಂದಿಯನ್ನು ಕಂಡು, ಯಾರಿಗೆ ಎಲ್ಲಿ ಕೆಲಸವಾಯಿತೆಂದು ಕೇಳುವುದು ಲೇಸು.

ಕೈಯಲ್ಲಿ ಏನಾದರೂ ಉಳಿಸುವ ದಾರಿಗಳೂ ಇಲ್ಲದಿಲ್ಲ. ಬಿ.ಕಾಂ.ನಲ್ಲಿ ನೂರಕ್ಕೆ 55 ಅಂಕ ಪಡೆದವರು ಚಾರ್ಟರ್ಡ್ ಅಕೌಂಟೆಂಟ್ ವ್ಯಾಸಂಗದ ಮೊದಲ ಮೆಟ್ಟಿಲನ್ನು ಬಿಟ್ಟು ಎರಡನೆಯದಕ್ಕೇ ಸೇರಬಹುದು. 2023ರ ಹೊಸ ಕ್ರಮದಂತೆ ಅದರ ಕಚೇರಿ ತರಬೇತಿಯು ಎರಡು ವರ್ಷ, ಭತ್ಯೆಯೂ ಉಂಟು. ಕಡೆಯ ಪರೀಕ್ಷೆ ತಡವಾದರೂ ಕಲಿತ ಲೆಕ್ಕಪತ್ರದ ಕೆಲಸ ಎಲ್ಲಿಗೂ ಹೋಗದು. ಎರಡು ವರ್ಷದ ಬಿ.ಎಡ್. ಕೂಡ ಹಾಗೆಯೇ, ಆದರೆ ಹೆಣ್ಣುಮಗಳೆಂಬ ಒಂದೇ ಕಾರಣದಿಂದ, ಪಾಠಹೇಳಲು ಮನಸ್ಸಿಲ್ಲದವಳನ್ನು ಅದಕ್ಕೆ ಸೇರಿಸುವುದು ಅವಳಿಗೂ ಅನ್ಯಾಯ, ಅವಳ ಮುಂದೆ ಕೂಡುವ ಮಕ್ಕಳಿಗೂ ಅನ್ಯಾಯ.

ಉದ್ಯೋಗಕ್ಕೆ ಸೇರಿದರೆ ವಿದ್ಯೆ ಮುಗಿಯಿತೆಂದು ಕೊರಗುವವರುಂಟು. ಸಿ.ವಿ. ರಾಮನ್ನರು 1907ರಲ್ಲಿ ಎಂ.ಎ. ಮುಗಿಸಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಲ್ಕತ್ತೆಯಲ್ಲಿ ಹಗಲೆಲ್ಲ ಲೆಕ್ಕಪತ್ರ, ಕಚೇರಿಯ ಹಿಂದು ಮುಂದಿನ ವೇಳೆಯಲ್ಲಿ ಸಂಶೋಧನೆ. ಅವರು ಪ್ರಾಧ್ಯಾಪಕರಾದದ್ದು 1917ರಲ್ಲಿ. ಎಲ್ಲರೂ ರಾಮನ್ನರಾಗಲಾರರು, ನಿಜ; ಎಲ್ಲರಿಗೂ ಅಷ್ಟು ಬೇಕಾಗಿಯೂ ಇಲ್ಲ. ಕೆಲಸದಲ್ಲಿದ್ದುಕೊಂಡೇ ಎಂ.ಎ., ಎಂ.ಕಾಂ. ಓದುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ.

ವಿಜ್ಞಾನದಲ್ಲಿ ನಿಜವಾದ ಆಸೆಯಿದ್ದವರಿಗೆ ಹಣದ ಚಿಂತೆ ನಾವೆಣಿಸುವಷ್ಟಿಲ್ಲ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಸಂಶೋಧನ ವೇತನ ಗಳಿಸಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಗೊತ್ತಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಎಸ್‌ಸಿ. ಆದವರೇ ಸೇರಿ ಪಿಎಚ್.ಡಿ.ಯವರೆಗೆ ಓದತಕ್ಕ ಏರ್ಪಾಡುಂಟು. ಅದಕ್ಕೂ ಐ.ಐ.ಟಿ.ಗಳ ಎಂ.ಎಸ್‌ಸಿ.ಗೂ ಪ್ರವೇಶ ದೊರಕಿಸುವ ಜಾಮ್ ಪರೀಕ್ಷೆಯು ಫೆಬ್ರವರಿಯಲ್ಲಿ ನಡೆಯುತ್ತದೆ. ಅರ್ಜಿಯನ್ನು ಹಿಂದಿನ ಸೆಪ್ಟೆಂಬರಿನ ಹೊತ್ತಿಗೇ ಕರೆಯುತ್ತಾರೆ. ಫಲಿತಾಂಶ ಬಂದ ಮೇಲೆ ಯೋಚಿಸಿದರಾಯಿತೆಂದು ಕುಳಿತವರಿಗೆ ಒಂದು ವರ್ಷ ಹೋದಂತೆಯೇ. ಮನೆಯಲ್ಲಿ ಕಡೆಯ ವರ್ಷದ ವಿದ್ಯಾರ್ಥಿಗಳಿದ್ದರೆ, ಈ ಮಾತನ್ನು ಅವರೊಡನೆ ಈ ತಿಂಗಳೇ ಎತ್ತಬೇಕು.