ಕ್ವಾರಣ್ಯದ ಲೆಕ್ಕ

ಜಾನಪದ ಕೆಟ್ಟುಹೋಯಿತು ಎಂಬ ಭಾಷಣವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಿನಿಮಾದಿಂದ ಕೆಟ್ಟಿತೆಂದರು, ಕ್ಯಾಸೆಟ್ಟಿನಿಂದ ಕೆಟ್ಟಿತೆಂದರು, ಟಿ.ವಿ. ಬಂದ ಮೇಲೆ ಟಿ.ವಿ.ಯಿಂದ ಕೆಟ್ಟಿತೆಂದರು. ಈಗ ಯೂಟ್ಯೂಬಿನ ಸರದಿ. ಇಷ್ಟು ಸಲ ಕೆಟ್ಟ ಮೇಲೂ ಮತ್ತೆ ಕೆಡುವುದಕ್ಕೆ ಅದರಲ್ಲಿ ಏನೋ ಉಳಿದಿದೆಯಲ್ಲ, ಅಷ್ಟೇ ಸಮಾಧಾನ. ಈಚಿನ ಭಾಷಣಗಳಲ್ಲಿ ಆರೋಪಿಗಳೂ ಹೊಸಬರು: ಹಳ್ಳಿಯಿಂದ ಬಂದು, ಹಾಡಿ, ದುಡ್ಡು ಕಂಡ ಹುಡುಗರು.

ಹಾವೇರಿ ಜಿಲ್ಲೆಯ ಚಿಲ್ಲೂರ ಬಡ್ನಿಯ ಹನುಮಂತ ಲಮಾಣಿಯವರನ್ನೇ ನೋಡಿ. ಕುರಿ ಕಾಯುತ್ತಿದ್ದವರು. ಜೀ ಕನ್ನಡದ ಸರಿಗಮಪ ಸ್ಪರ್ಧೆಯ 15ನೆಯ ಆವೃತ್ತಿಯಲ್ಲಿ ಲುಂಗಿಯುಟ್ಟು ನಿಂತು ಹಾಡಿ 2019ರಲ್ಲಿ ಎರಡನೆಯ ಸ್ಥಾನ ಪಡೆದರು. 2025ರ ಜನವರಿಯಲ್ಲಿ ಬಿಗ್ ಬಾಸ್‌ನ ಹನ್ನೊಂದನೆಯ ಸರಣಿಯನ್ನು ಗೆದ್ದು 50 ಲಕ್ಷ ರೂಪಾಯಿ ಬಹುಮಾನ ತೆಗೆದುಕೊಂಡರು. (ಇವರನ್ನು ಟಿ.ವಿ.ಯವರಿಂದ ಹಿಡಿದು ಪ್ರೊಫೆಸರರವರೆಗೆ ಎಲ್ಲರೂ ಏಕವಚನದಲ್ಲೇ ಕರೆಯುತ್ತಾರೆ. ಶಾಸ್ತ್ರೀಯ ಸಂಗೀತ ಕಲಿತ ಅದೇ ವಯಸ್ಸಿನ ಹುಡುಗನನ್ನು ಹಾಗೆ ಕರೆದದ್ದನ್ನು ನಾನು ಕಂಡಿಲ್ಲ.) ಇನ್ನು ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಅವರ ‘ನಾ ಡ್ರೈವರ’ ಎಂಬ ಹಾಡು ಮದುವೆ ಮೆರವಣಿಗೆಯಿಂದ ಗಣಪತಿ ವಿಸರ್ಜನೆಯವರೆಗೆ ಎಲ್ಲೆಲ್ಲೂ ಕೇಳಿತು. ಕೀಬೋರ್ಡು, ಯಂತ್ರದ ತಾಳ, ಹೊಸದಾಗಿ ಕಟ್ಟಿದ ಪದ. ಆದರೂ ಯೂಟ್ಯೂಬಿನಲ್ಲಿ ಇಂಥದ್ದಕ್ಕೆಲ್ಲ ‘ಜಾನಪದ’ ಎಂದೇ ಹೆಸರು. ವಿದ್ವಾಂಸರಿಗೆ ಮೈ ಉರಿಯುವುದು ಇಲ್ಲಿಯೇ.

ಉತ್ತರದ ಈ ಜಗಳದಲ್ಲಿ ತಾಳವಾಡಿಯವನಿಗೇನು ಕೆಲಸ ಎಂದು ಕಾಸರಗೋಡಿನ ಓದುಗರು ಕೇಳಬಹುದು. ಕೆಲಸವಿದೆ. ನಿಮ್ಮನ್ನು ಕೇರಳಕ್ಕೆ ಸೇರಿಸಿದ 1956ರಲ್ಲೇ ನಮ್ಮನ್ನು ಮದರಾಸಿನಲ್ಲಿ ಉಳಿಸಿದರು. ಅಲ್ಲಿಯವರೆಗೆ ಕೊಳ್ಳೇಗಾಲವೂ ನಾವೂ ಒಂದೇ ಕೊಯಮತ್ತೂರು ಜಿಲ್ಲೆ. ಕೊಳ್ಳೇಗಾಲ ಮೈಸೂರಿಗೆ ಹೋಯಿತು, ಅದರ ಜೊತೆ ಮಾದಪ್ಪನ ಬೆಟ್ಟವೂ ಹೋಯಿತು. ಒಕ್ಕಲು ಇಲ್ಲಿ, ದೇವರು ಅಲ್ಲಿ. 1979ರಲ್ಲಿ ಕೊಯಮತ್ತೂರಿನಿಂದ ಬೇರೆಯಾದ ಜಿಲ್ಲೆಗೆ ನಾವು ಸೇರಿದೆವು. ಈಗ ಅದಕ್ಕೆ ಈರೋಡು ಎಂದು ಹೆಸರು. ಕಚೇರಿಯ ಫಲಕ ಯಾವ ಲಿಪಿಯಲ್ಲಿದ್ದರೂ ಕಂಸಾಳೆಯ ಸದ್ದು ಕೇಳಿದಾಗ ನಾವು ಯಾರೆಂದು ನಮಗೆ ತಿಳಿಯುತ್ತಿತ್ತು. ಆ ಹಾಡು ಈಗ ಬೇರೆಯವರ ಪೇಟೆಯಲ್ಲಿ ಮಾರಾಟವಾಗುತ್ತಿದೆ. ಹಾಗಾಗಿ ನನಗೂ ಮಾತಾಡುವ ಹಕ್ಕಿದೆ.

ಮೊದಲ ಮಾತು, ಹಾಡಿ ದುಡ್ಡು ತೆಗೆದುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಮಾದಪ್ಪನ ದೇವರಗುಡ್ಡ ಗುರುವಿನಿಂದ ದೀಕ್ಷೆ ಪಡೆದವನು. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ಗೊಂಡೆ ಕಟ್ಟಿದ ತಟ್ಟೆ, ಹೆಗಲಲ್ಲಿ ಜೋಳಿಗೆ. ಮನೆಮನೆಯ ಮುಂದೆ ಹಾಡುತ್ತಾನೆ, ರಾಗಿಯೋ ಕಾಸೋ ಪಡೆಯುತ್ತಾನೆ. ಅದಕ್ಕೆ ಕ್ವಾರಣ್ಯವೆಂದು ಹೆಸರು. ಹಾಡು, ಹರಕೆ, ಹೊಟ್ಟೆ ಮೂರೂ ಒಂದೇ ಜೋಳಿಗೆಯಲ್ಲಿ. ‘ನಿಷ್ಕಾಮ ಜನಪದ ಗಾಯಕ’ ಎಂಬ ಪ್ರಾಣಿಯನ್ನು ಕಂಡುಹಿಡಿದವರು ತಿಂಗಳ ಸಂಬಳ ಬರುವವರು.

ಎರಡನೆಯದು, ಬೆರಕೆಯ ಮಾತು. ನಮ್ಮ ದೊಡ್ಡ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜ, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿಂದೆ ಗುಬ್ಬಿ ಕಂಪೆನಿ ಸೇರಿ ಹಾಡು ಕಲಿತರು. ಕಂಪೆನಿ ನಾಟಕದ ಸಂಗೀತವೆಂದರೆ ಏನು? ಕರ್ನಾಟಕ ರಾಗ, ಹಿಂದೂಸ್ತಾನಿ ಮಟ್ಟು, ಮರಾಠಿ ರಂಗಗೀತೆ, ಪಾರ್ಸಿ ಕಂಪೆನಿಯ ಧಾಟಿ, ಎಲ್ಲವೂ ಹಾರ್ಮೋನಿಯಂ ಮೇಲೆ. ಆ ಬೆರಕೆಯಲ್ಲಿ ಬೆಳೆದ ಕಂಠಕ್ಕೇ ‘ಜೀವನ ಚೈತ್ರ’ದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಬಂತು. ರಾಜಕುಮಾರ್ ಸಂಗೀತ ಕೆಡಿಸಿದರೆಂದು ಯಾರಾದರೂ ಹೇಳಲಿ ನೋಡೋಣ, ಆಮೇಲೆ ಅವರು ತಾಳವಾಡಿಯ ಬಸ್ಸು ಹತ್ತುವುದು ಬೇಡ. ಮುಂದೆ 1996ರಲ್ಲಿ ಅವರ ಮನೆಯವರೇ ತೆಗೆದ, ನಾಗಾಭರಣ ನಿರ್ದೇಶಿಸಿದ ‘ಜನುಮದ ಜೋಡಿ’ಯಲ್ಲಿ ಕಂಸಾಳೆಯವರ ‘ಕೋಲುಮಂಡೆ’ ಹಾಡು ವಿ. ಮನೋಹರ್ ಸಂಗೀತದಲ್ಲಿ ಬಂತು. ಎಲ್.ಎನ್. ಶಾಸ್ತ್ರಿಯವರ ಗಂಟಲಲ್ಲಿ ಅದು ರಾಜ್ಯಪ್ರಶಸ್ತಿಯನ್ನೂ ಪಡೆಯಿತು. ಬೆಂಗಳೂರಿನ ಮಕ್ಕಳು ಕಂಸಾಳೆ ಎಂಬ ಪದ ಕಲಿತದ್ದು ಆ ಸಿನಿಮಾದಿಂದ. ಅದು ನಷ್ಟವೆಂದು ನಾನು ಹೇಳಲಾರೆ.

ಕ್ಯಾಸೆಟ್ಟಿನ ವಿಷಯದಲ್ಲಂತೂ ನಮ್ಮ ಪಂಡಿತರ ಭವಿಷ್ಯ ಪೂರಾ ಸುಳ್ಳಾಯಿತು. ಮಳವಳ್ಳಿ ಮಹದೇವಸ್ವಾಮಿಯವರ ಕಥೆಗಳ ಕ್ಯಾಸೆಟ್ಟುಗಳು ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಗದ್ದೆ ಬದುವಿನ ಟೇಪ್ ರೆಕಾರ್ಡರಿನಲ್ಲಿ ಓಡಿದವು. ಬರೀ ಹಾಡಲ್ಲ, ಕಥೆ. ಒಂದು ಮಗ್ಗುಲು ಮುಗಿದರೆ ತಿರುಗಿಸಿ ಹಾಕಿ ಕೇಳುವಂಥ ಕಥೆ. ವ್ಯಾಪಾರ ಆಗ ಕಥೆಯನ್ನು ಕೊಲ್ಲಲಿಲ್ಲ, ಹೊತ್ತು ತಿರುಗಿತು.

ಹಾಗಾದರೆ ನನ್ನ ತಕರಾರು ಯಾವುದು?

ಕೆಲವು ವರ್ಷಗಳ ಹಿಂದೆ ತಾಳವಾಡಿ ಬಸ್ ನಿಲ್ದಾಣದ ಬಳಿಯ ಟೀ ಅಂಗಡಿಯಲ್ಲಿ ಕೂತಿದ್ದೆ. ಯಾರದೋ ಮೊಬೈಲಿನಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’ ಬರುತ್ತಿತ್ತು. ಈ ಹಾಡಿನ ಸಂಚಾರವನ್ನು ನೀವು ಗಮನಿಸಬೇಕು. ಮಾದಪ್ಪನ ಪರಿಷೆಯಿಂದ ಹೊರಟದ್ದು ಕೊಯಮತ್ತೂರಿನ ಈಶ ಆಶ್ರಮದವರ ವೇದಿಕೆಯಲ್ಲಿ ಅನನ್ಯಾ ಭಟ್ ಅವರ ಕಂಠದಲ್ಲಿ ಕೇಳಿ ದೇಶವೆಲ್ಲ ತಿರುಗಿತು. 2021ರಲ್ಲಿ ಮಂಗಳೂರಿನ ಕಥೆಯಿರುವ ‘ಗರುಡ ಗಮನ ವೃಷಭ ವಾಹನ’ಕ್ಕೆ ಬಂತು. ಅಲ್ಲಿ ಹಾಡಿದವರು ಚೈತ್ರಾ ಆಚಾರ್, ಸಂಗೀತ ಮಿಥುನ್ ಮುಕುಂದನ್. ನಿಮ್ಮ ಮಲಯಾಳದ ‘ರೋರ್ಶಾಕ್’ ಚಿತ್ರಕ್ಕೂ ಅವರದೇ ಸಂಗೀತ. ಗಡಿಯ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ?

ಪಕ್ಕದಲ್ಲಿ ಒಬ್ಬ ಹಿರಿಯರು ಕೂತಿದ್ದರು, ಅವರೂ ದೇವರಗುಡ್ಡರೇ. ಕೇಳಿ ಮುಗಿಸಿ ನನ್ನ ಕಡೆ ತಿರುಗಿದರು. ‘ಚೆಂದಾಗಿ ಹಾಡವಳ ಕನ ಮೇಷ್ಟ್ರೆ. ಆದ್ರ ಹೂವ ಮುಡಿಸ್ಬುಟ್ಟು ಅಲ್ಲೇ ನಿಂತ್ಕಂಡವಳ. ಬೆಟ್ಟ ಹತ್ನೇ ಇಲ್ವಲ್ಲ.’

ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಮಾದಪ್ಪನ ಕಾವ್ಯ ಸಾಲುಗಳಲ್ಲಿದೆ: ಶ್ರವಣದೊರೆಯ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು. ಒಂದೊಂದಕ್ಕೂ ರಾತ್ರಿ ಬೇಕು. ಸಂಕಮ್ಮನ ಸಾಲನ್ನು ನೆನೆಯಿರಿ. ಸೋಲಿಗರ ನೀಲಯ್ಯ ಕಾಡಿಗೆ ಹೋಗುವ ಮುಂಚೆ ಹೆಂಡತಿಯಿಂದ ಶೀಲದ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟರೂ, ಗುಡಿಸಲಿನಲ್ಲಿ ಕೂಡಿಹಾಕಿದರೂ ಕೊಡುವುದಿಲ್ಲ. ಮಾದಪ್ಪ ನಿಲ್ಲುವುದು ಗಂಡನ ಪಕ್ಕದಲ್ಲಲ್ಲ, ಅವಳ ಪಕ್ಕದಲ್ಲಿ. ಬೆಳಗಿನ ಜಾವ ದಮ್ಮಡಿಯ ಪೆಟ್ಟಿನ ನಡುವೆ ಇದನ್ನು ಕೇಳುತ್ತ ನಮ್ಮ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಪೇಟೆ ಇದನ್ನೆಲ್ಲ ಬಿಟ್ಟು ಹೂವು, ಮುಡಿ, ಪರುಷೆಯ ವರ್ಣನೆಗಳನ್ನು ಮಾತ್ರ ತೆಗೆದುಕೊಂಡಿದೆ. ಐದು ನಿಮಿಷಕ್ಕೆ ಹೊಂದುವುದು ಸ್ತುತಿ ಮಾತ್ರ. ಸಂಕಮ್ಮನ ಹಟ ಐದು ನಿಮಿಷಕ್ಕೆ ಹೊಂದುವುದಿಲ್ಲ. ಹಾಡಿದ ಹೆಣ್ಣುಮಕ್ಕಳದು ಇದರಲ್ಲಿ ತಪ್ಪಿಲ್ಲ, ಅವರು ಕೊಟ್ಟದ್ದನ್ನು ಸೊಗಸಾಗಿ ಹಾಡಿದ್ದಾರೆ.

ಆ ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. ‘ನೀವೂ ಬರ್ಕೊಂಡು ಹೋದ್ರಲ್ಲ, ನಮ್ಮಪ್ಪ ಹಾಡಿದ್ದ. ಅದ್ರಲ್ಲಿ ಅವ್ನ ಹೆಸ್ರು ಎಲ್ಲದ?’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. 1987ರಲ್ಲಿ ಸಾಲ ತಂದ ಟೇಪ್ ರೆಕಾರ್ಡರ್ ಹೊತ್ತು ಅವರ ತಂದೆಯಿಂದ ಎರಡು ರಾತ್ರಿ ಹಾಡಿಸಿದ್ದೆ. ಒಂದು ಪಂಚೆ, ಇಪ್ಪತ್ತು ರೂಪಾಯಿ ಕೊಟ್ಟು ದೊಡ್ಡ ಉಪಕಾರ ಮಾಡಿದವನಂತೆ ಕೈಮುಗಿದು ಬಂದೆ. ಅದು ಒಂದು ಸಂಚಿಕೆಯಲ್ಲಿ ಅಚ್ಚಾಯಿತು. ಮೇಲೆ ದಪ್ಪಕ್ಷರದಲ್ಲಿ ‘ಸಂಗ್ರಹ’ ಎಂದು ನನ್ನ ಹೆಸರು, ಕೆಳಗೆ ‘ಹಾಡಿದವರು: ತಾಳವಾಡಿಯ ಒಬ್ಬ ವೃದ್ಧ ಗಾಯಕ’. ಊರಿನ ಹೆಸರಿತ್ತು, ವಯಸ್ಸಿತ್ತು, ಹೆಸರೊಂದೇ ಇರಲಿಲ್ಲ. ಕೈಬರಹದಲ್ಲಿ ನಾನೇ ಹಾಗೆ ಬರೆದದ್ದು, ಅಚ್ಚಿನವರ ತಪ್ಪಲ್ಲ. ಆಗ ಅದು ಶಾಸ್ತ್ರೀಯ ಕ್ರಮವೆಂದೇ ನಂಬಿದ್ದೆ: ಜಾನಪದವೆಂದರೆ ಜನರದು, ಜನರದೆಂದರೆ ಯಾರದೂ ಅಲ್ಲ.

ಇವತ್ತು ‘ಸಾಹಿತ್ಯ: ಜಾನಪದ’ ಎಂದು ಬರೆದು ಸಂಗೀತಕ್ಕೆ ತಮ್ಮ ಹೆಸರು ಹಾಕಿಕೊಳ್ಳುವವರನ್ನು ಬೈಯುವ ವಿದ್ವಾಂಸರಿಗೆ ನಾನು ಹೇಳುವುದು ಇದನ್ನೇ. ಆ ವಿದ್ಯೆ ಅವರಿಗೆ ನಾವು ಕಲಿಸಿದ್ದು. ಎಲ್ಲರೂ ಹಾಗಿರಲಿಲ್ಲ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯವನ್ನು ಓದಿದವರಿಗೆ ಹೆಬ್ಬಣಿ ಮಾದಯ್ಯನವರು ಹಾಡಿದ್ದೆಂದು ಗೊತ್ತು. ಹಾಗೆ ಮಾಡಿದರೆ ಕಾವ್ಯಕ್ಕೇನೂ ಊನ ಬರಲಿಲ್ಲ.

ಗಡಿಯಾಚೆ ನಿಮ್ಮ ಕಡೆ ಒಂದು ಒಳ್ಳೆಯ ಕೆಲಸವಾಗಿದೆ. ಅಟ್ಟಪ್ಪಾಡಿಯ ಇರುಳ ಹೆಂಗಸು ನಂಜಿಯಮ್ಮನವರು ‘ಅಯ್ಯಪ್ಪನುಂ ಕೋಶಿಯುಂ’ ಚಿತ್ರದಲ್ಲಿ ತಮ್ಮ ನುಡಿಯ ಹಾಡು ಹಾಡಿದರು. ಹಾಡು ಕಟ್ಟಿದವರೂ ಅವರೇ ಎಂದು ಹೆಸರು ಬಂತು. 2022ರಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆಯಾದಾಗ, ವರ್ಷಗಟ್ಟಲೆ ಸಾಧನೆ ಮಾಡಿದವರನ್ನು ಬಿಟ್ಟು, ಶ್ರುತಿಗೆ ಕಟ್ಟುಬಿದ್ದು ಹಾಡದವರಿಗೆ ಕೊಡುವುದೇ ಎಂಬ ಆಕ್ಷೇಪ ಎದ್ದಿತು. ಮಲಯಾಳದ ಎಷ್ಟೋ ಗಾಯಕರು, ಸಂಗೀತಗಾರರು ಆ ತಾಯಿಯ ಪಕ್ಕ ನಿಂತರು. ನಮ್ಮ ಕನ್ನಡದಲ್ಲಿ ಅಂಥ ಸಂದರ್ಭ ಬಂದರೆ ಎಷ್ಟು ಜನ ನಿಲ್ಲುತ್ತಾರೆಂದು ನನಗೆ ಗುಮಾನಿಯಿದೆ. ಕರಾವಳಿಯವರು ಕಾಳಿಂಗ ನಾವಡರನ್ನು ನೆನೆಯಬಹುದು. ಹೊಸ ರಾಗಗಳನ್ನು ತಂದು ಯಕ್ಷಗಾನ ಕೆಡಿಸುತ್ತಾರೆಂದು ಬೈದವರಿದ್ದರು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಬೈದವರ ಮನೆಗಳಲ್ಲೂ ಈಗ ಅವರ ಧ್ವನಿಮುದ್ರಣಗಳಿವೆ.

ಕಾನೂನು ಪೂರಾ ಕೈಬಿಟ್ಟಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಹಾಡುಗಾರನಿಗೆ ತನ್ನ ಹಾಡಿಕೆಯ ಮೇಲೆ ಹಕ್ಕು ಕೊಟ್ಟಿತು. ಹಾಡಿದವನು ಇವನೇ ಎಂದು ಹೇಳಿಸಿಕೊಳ್ಳುವ ಹಕ್ಕನ್ನು 2012ರ ತಿದ್ದುಪಡಿ ಸೇರಿಸಿತು. ಆದರೆ ಕಲಿಸಿದ ಗಂಟಲಿಗೆ, ಮಟ್ಟನ್ನು ಮೂರು ತಲೆಮಾರು ಕಾಯ್ದ ಮನೆಗೆ ಅದರಲ್ಲಿ ಜಾಗವಿಲ್ಲ. ಅಲ್ಲಿ ಬೇಕಾದದ್ದು ಮರ್ಯಾದೆ. ಯಾರಿಂದ ಕೇಳಿ ಕಲಿತೆವೋ ಅವರ ಹೆಸರು, ಊರು ಬರೆಯುವುದಕ್ಕೆ ಯಾವ ಕಾಯಿದೆಯೂ ಬೇಡ. ಬಂದ ಹಣದಲ್ಲಿ ಒಂದು ಪಾಲು ಕಳಿಸುವುದಕ್ಕೂ ಬೇಡ. ಜೋಳಿಗೆ ಹಿಡಿದವನಿಗೆ ರಾಗಿ ಹಾಕುವಾಗ ನಮ್ಮ ಅಜ್ಜಿಯರು ಕಾಯಿದೆ ನೋಡಿದ್ದರೆ? ವಿಶ್ವವಿದ್ಯಾಲಯದವರು ಶುದ್ಧಿಯ ಮೇಲೆ ವಿಚಾರಸಂಕಿರಣ ಮಾಡುವ ಖರ್ಚಿನಲ್ಲಿ ಒಂದು ಸಾಲನ್ನು ಪೂರ್ತಿಯಾಗಿ, ರಾತ್ರಿಯಿಡೀ ಕೂತು ಹಾಡಿಸಿ, ಹಾಡಿದವರಿಗೆ ಅತಿಥಿ ಉಪನ್ಯಾಸಕರಷ್ಟಾದರೂ ಸಂಭಾವನೆ ಕೊಡಲಿ. ಹನುಮಂತ ಅವರು ಗಳಿಸಿದ್ದು ಅವರಿಗಿರಲಿ, ಇನ್ನೂ ಗಳಿಸಲಿ. ಅವರ ಹಣ ಎಣಿಸುವ ಮುಂಚೆ ನಮ್ಮ ಬಾಕಿ ಎಣಿಸೋಣ.

ನನ್ನ ಬಾಕಿಯನ್ನು ನಾನು ತೀರಿಸಿದೆನೆಂದು ಹೇಳುವುದಿಲ್ಲ. 87ರ ಕ್ಯಾಸೆಟ್ಟುಗಳಲ್ಲಿ ಎರಡು ಬೂಷ್ಟು ಹಿಡಿದಿದ್ದವು, ಮೂರನೆಯದು ಓಡಿತು. ಅದನ್ನು ಹಿರಿಯರ ಮನೆಗೆ ತೆಗೆದುಕೊಂಡು ಹೋದೆ. ಅವರ ಮೊಮ್ಮಗ ಸತ್ಯಮಂಗಲದಲ್ಲಿ ಓದುತ್ತಾನೆ, ಮೊಬೈಲಿಗೆ ಇಳಿಸಿಕೊಂಡ. ಮುತ್ತಜ್ಜನ ಧ್ವನಿ ಅವನು ಅದೇ ಮೊದಲು ಕೇಳಿದ್ದು. ಸಂಕಮ್ಮನ ಸಾಲಿನ ನಲವತ್ತು ನಿಮಿಷ ಉಳಿದಿತ್ತು. ಯೂಟ್ಯೂಬಿಗೆ ಹಾಕುತ್ತೇನೆಂದ. ಕತ್ತರಿಸಿ ಚಿಕ್ಕದು ಮಾಡಲೇ ತಾತ ಎಂದು ಕೇಳಿದ. ಅವರು ತಲೆಯಾಡಿಸಿ ಬೇಡವೆಂದರು. ಕೆಳಗೆ ಏನು ಬರೆಯಲಿ ಎಂದು ನನ್ನನ್ನು ಕೇಳಿದ. ಮುತ್ತಜ್ಜನ ಹೆಸರು ಹೇಳಿದೆ, ಊರು ಹೇಳಿದೆ. ಹುಡುಗ ತಮಿಳು ಮಾಧ್ಯಮದವನು, ಮನೆಮಾತು ಕನ್ನಡ, ಕನ್ನಡ ಅಕ್ಷರ ಬಾರದು. ಹೆಸರನ್ನು ತಮಿಳಿನಲ್ಲೇ ಒತ್ತಿ, ಸರಿಯಾ ನೋಡಿ ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟ.